ಮರ್ಯಾದಸ್ಥರಿಗೆ ಬರುವ ಕಾಯಿಲೆ

ನಿಲ್ಕುಂದದ ಸುತ್ತಮುತ್ತ ಎಲ್ಲೇ ಮೈಕು ಕಟ್ಟಿದರೂ ಅದರ ಮುಂದೆ ನಾಗಪತಿ ಹೆಗಡೆಯವರು ನಿಂತಿರುತ್ತಿದ್ದರು. ವ್ಯಸನಮುಕ್ತ ಗ್ರಾಮ ಸಮಿತಿಗೆ ಅವರೇ ಅಧ್ಯಕ್ಷರು. ಭಾಷಣದ ಮೊದಲ ವಾಕ್ಯ ಎಂದೂ ಬದಲಾದದ್ದಿಲ್ಲ: "ದೇವರ ದಯದಿಂದ ನಮ್ಮವರಲ್ಲಿ ಈ ಸಮಸ್ಯೆ ಇಲ್ಲ, ಆದರೂ..." ಆ 'ಆದರೂ' ಮುಗಿಯುವ ಹೊತ್ತಿಗೆ ಚಹಾ ಆರಿ ತಣ್ಣಗಾಗಿರುತ್ತಿತ್ತು. ಕೂಲಿಯವರು ಚಾಪೆಯ ಮೇಲೆ ಕೂತು ಆಕಳಿಸುತ್ತಿದ್ದರು. ಕುರ್ಚಿಯಲ್ಲಿ ಕೂತ ನಮ್ಮವರು ತಲೆಯಾಡಿಸುತ್ತಿದ್ದರು.

ಸಮಸ್ಯೆ ಇಲ್ಲದಿದ್ದ ನಮ್ಮವರಲ್ಲಿ ಹೆಗಡೆಯವರ ಹೆಂಡತಿ ಪರಿಮಳಾಳ ತಮ್ಮ ರಘುಪತಿಯೂ ಒಬ್ಬ. ಮದುವೆ ಮುಂಜಿಗೆ ಅಡಿಗೆಗೆ ಹೋಗುವವ. ಅವನ ಮಾವಿನಕಾಯಿ ಅಪ್ಪೆಹುಳಿಗಾಗಿ ಯಲ್ಲಾಪುರದಿಂದಲೂ ಕರೆ ಬರುತ್ತಿತ್ತು. ಒಲೆ ಹಚ್ಚುವ ಮೊದಲು ಅವನಿಗೆ ಒಂದಿಷ್ಟು ಬೇಕು, ಒಗ್ಗರಣೆಗೆ ಮೊದಲು ಇನ್ನೊಂದಿಷ್ಟು. ಎಲ್ಲರಿಗೂ ಗೊತ್ತಿತ್ತು, ಯಾರೂ ಹೇಳುತ್ತಿರಲಿಲ್ಲ. ಅವನು ತೂರಾಡಿದರೆ "ಭಟ್ರಿಗೆ ಗ್ಯಾಸು" ಎಂದು ಮದುವೆಮನೆಯವರೇ ಬಾಳೆಲೆ ಹಾಸಿ ಮಲಗಿಸುತ್ತಿದ್ದರು.

ಒಂದು ದಿನ ರಘುಪತಿಯೇ ಜಗುಲಿಯ ಮೇಲೆ ಬಂದು ಕೂತ. "ಭಾವ, ಕೈ ನಡಗ್ತು. ಬೆಳಿಗ್ಗೆ ಎದ್ದ ಕೂಡ್ಲೆ ಬೇಕಾಗ್ತು. ಎಂತಾರೂ ಮಾಡು."

ಹೆಗಡೆಯವರಿಗೆ ಇದು ಭಾಷಣಕ್ಕಿಂತ ದೊಡ್ಡ ಅವಕಾಶವಾಗಿ ಕಂಡಿತು. ಅವನನ್ನು ಬಚ್ಚಲಿಗೆ ಕಳಿಸಿ ಮೀಯಿಸಿ, ದೇವರ ಕೋಣೆಯಲ್ಲಿ ನಂದಾದೀಪ ಮುಟ್ಟಿಸಿ ಆಣೆ ಮಾಡಿಸಿದರು. ಚೀಲದಲ್ಲಿದ್ದ ಬಾಟಲಿ ತಿಪ್ಪೆಗೆ ಹೋಯಿತು. "ಇನ್ನು ನಮ್ಮನೇಲೇ ಇರು. ನೀನು ದೀಪ ಮುಟ್ಟಿದ್ದೆ, ನೆನಪಿಟ್ಗ," ಎಂದರು. ಅಂದು ಸಂಜೆಯೇ ಸಮಿತಿಯವರಿಗೆ ಫೋನು ಹೋಯಿತು: ಹೆಸರು ಹೇಳುವುದಿಲ್ಲ, ಆದರೆ ಒಬ್ಬನನ್ನು ಒಂದೇ ಏಟಿಗೆ ಬಿಡಿಸಿದ್ದಾಯಿತು.

ಮರುದಿನ ರಘುಪತಿ ಬೆವರತೊಡಗಿದ. ಚಹಾದ ಲೋಟ ಹಲ್ಲಿಗೆ ಬಡಿದು ಟಕಟಕ ಎನ್ನುತ್ತಿತ್ತು. ಹೆಗಡೆಯವರು "ಪಿತ್ತ ನೆತ್ತಿಗೇರಿದ್ದು" ಎಂದು ತೀರ್ಮಾನಿಸಿ ಮುರುಗಲ ಹಣ್ಣಿನ ಪಾನಕ ಮಾಡಿಸಿದರು. ಪಾನಕ ಕುಡಿಸಿದರು, ತಲೆಗೆ ಎಣ್ಣೆ ಒತ್ತಿಸಿದರು. ಬೆವರು ಮಾತ್ರ ನಿಲ್ಲಲಿಲ್ಲ.

"ಭಾವ, ಗ್ವಾಡೆ ತುಂಬ ಇರುವೆ ನೋಡು," ಎಂದ ರಘುಪತಿ.

ಸುಣ್ಣ ಹೊಡೆದ ಗೋಡೆ ಬೆಳ್ಳಗೆ ನಿಂತಿತ್ತು. ಹೆಗಡೆಯವರು ನೋಡಿದರು. ಇರುವೆ ಇರಲಿಲ್ಲ. ಆದರೆ ಅವನ ಕಣ್ಣು ಸಾಲನ್ನು ಹಿಂಬಾಲಿಸುತ್ತಾ ಮೂಲೆಯವರೆಗೆ ಹೋಗಿ ನಿಂತದ್ದನ್ನು ಕಂಡು ಅವರೂ ಆ ಮೂಲೆಯತ್ತ ಇನ್ನೊಮ್ಮೆ ನೋಡಿದರು.

"ಆಸ್ಪತ್ರೆಗೆ ಕರ್ಕಂಡು ಹೋಪನ," ಎಂದಳು ಪರಿಮಳಾ.

"ಅಲ್ಲಿ ಎಂತ ಹೇಳವು? ಎಂತ ಆಜು ಹೇಳಿ ಹೇಳವು?"

ಪರಿಮಳಾ ಗಂಡನ ಮುಖ ನೋಡಿದಳು. ಉತ್ತರ ಇಬ್ಬರಿಗೂ ಗೊತ್ತಿತ್ತು. ಆ ಶಬ್ದವನ್ನು ಆ ಮನೆಯಲ್ಲಿ ಅದುವರೆಗೆ ಮೈಕಿನ ಮುಂದೆ ಬಿಟ್ಟರೆ ಬೇರೆಲ್ಲೂ ಆಡಿದ್ದಿರಲಿಲ್ಲ.

ಬೆಳಗಿನ ಜಾವ ಹಿತ್ತಿಲ ಬಾಗಿಲಲ್ಲಿ ಧೊಪ್ಪೆಂದು ಸದ್ದಾಯಿತು. ರಘುಪತಿ ಹೊಸ್ತಿಲ ಮೇಲೆ ಅಡ್ಡ ಬಿದ್ದಿದ್ದ. ಕೈಕಾಲು ಸೆಟೆದು ಬಡಿದುಕೊಳ್ಳುತ್ತಿದ್ದವು, ಬಾಯಲ್ಲಿ ನೊರೆ. ಪರಿಮಳಾ ಅವನ ತಲೆ ನೆಲಕ್ಕೆ ಬಡಿಯದಂತೆ ತನ್ನ ಸೆರಗು ಮಡಿಸಿ ಅಡಿಗಿಟ್ಟಳು. ಹೆಗಡೆಯವರು ಕಾರಿನ ಬೀಗದಕೈ ಹುಡುಕುತ್ತಾ ದೇವರ ಕೋಣೆಗೂ ಅಡಿಗೆಮನೆಗೂ ಓಡಾಡಿದರು. ಅದು ಅವರ ಕೈಯಲ್ಲೇ ಇತ್ತು.

ಶಿರಸಿಯ ದಾರಿಯುದ್ದಕ್ಕೂ ಹಿಂದಿನ ಸೀಟಿನಿಂದ ರಘುಪತಿಯ ಉಸಿರು ಕೇಳುತ್ತಿತ್ತು. ಕೇಳುತ್ತಿದ್ದರೆ ಹೆದರಿಕೆ, ನಿಂತಂತಾದರೆ ಇನ್ನೂ ಹೆದರಿಕೆ. ಅಂಥ ಹೊತ್ತಿನಲ್ಲೂ ಹೆಗಡೆಯವರ ತಲೆ ಒಂದು ಮರ್ಯಾದಸ್ಥ ಕಾಯಿಲೆಗಾಗಿ ತಡಕಾಡುತ್ತಿತ್ತು. ತಿರುವೊಂದರಲ್ಲಿ ಅದು ಹೊಳೆಯಿತು: ಮಂಗನ ಕಾಯಿಲೆ! ಕಾಡಿನ ಉಣ್ಣೆ ಕಚ್ಚಿ ಬರುವ ಜ್ವರ; ಕಾಲವೂ ಅದರದ್ದೇ, ಸಿದ್ದಾಪುರದ ಕಾಡಿನ ಕಡೆ ಪ್ರತಿ ವರ್ಷ ಕೇಳುವುದೇ. ಯಾರಿಗೆ ಬೇಕಾದರೂ ಬರಬಹುದು, ಬಂದವರನ್ನು ಯಾರೂ ಆಡಿಕೊಳ್ಳುವುದಿಲ್ಲ. ಮಂಗನ ಕಾಯಿಲೆ ಬರಲೆಂದು ದೇವರಿಗೆ ಕಾಯಿಯ ಹರಕೆ ಹೇಳಿಕೊಂಡ ಮೊದಲ ಮನುಷ್ಯ ಬಹುಶಃ ನಾಗಪತಿ ಹೆಗಡೆಯವರೇ.

ಆಸ್ಪತ್ರೆಯಲ್ಲಿ ಪರಿಮಳಾಳನ್ನು ಚೀಟಿ ಮಾಡಿಸಲು ಕಳಿಸಿದರು. ಮಂಚದ ಪಕ್ಕ ಹೆಗಡೆಯವರೊಬ್ಬರೇ ಉಳಿದರು. ಡಾಕ್ಟರ್ ದಾಕ್ಷಾಯಿಣಿ ಹಾವೇರಿ ಕಡೆಯವರು, ಬಿರುಸಿನ ಮಾತು.

"ಕುಡೀತಾರೇನ್ರಿ ಇವ್ರು?"

"ಛೆ ಛೆ! ವೈದಿಕ ಮನೆತನ ಡಾಕ್ಟ್ರೆ. ಕಾಡಿಗೆ ಸೊಪ್ಪು ತರಲು ಹೋಗಿದ್ದ. ಮಂಗನ ಕಾಯಿಲೆ ಇರಬಹುದು ಅಂತ..."

"ಅದು ನಮಗ ಬಿಡ್ರಿ." ಅವರು ರಕ್ತದ ಪರೀಕ್ಷೆಗೆ ಬರೆಯತೊಡಗಿದರು. ಹೆಗಡೆಯವರಿಗೆ ಒಂದು ಕ್ಷಣ ಗೆದ್ದಂತೆನಿಸಿತು. ಅಷ್ಟರಲ್ಲಿ ಮಂಚ ಕಿರುಗುಟ್ಟಿತು. ರಘುಪತಿಯ ಬೆನ್ನು ಬಿಲ್ಲಿನಂತೆ ಬಾಗಿ ಮೇಲೆದ್ದಿತು, ಕಣ್ಣುಗುಡ್ಡೆ ಒಳಗೆ ಹೊರಳಿತು. ನರ್ಸುಗಳು ಓಡಿಬಂದರು.

ಡಾಕ್ಟರು ಅವನನ್ನು ಮಗ್ಗುಲಿಗೆ ಹೊರಳಿಸುತ್ತಲೇ ಕೂಗಿದರು: "ಯಜಮಾನ್ರ, ಇನ್ನೊಮ್ಮೆ ಕೇಳ್ತೀನಿ. ಖರೇ ಹೇಳ್ರಿ. ಕಾರಣ ಗೊತ್ತಾದ್ರ ಔಷಧದ ದಾರೀನ ಬ್ಯಾರೆ. ಸುಳ್ಳ ಹೇಳಿದ್ರ ಮನಷ್ಯಾ ಕೈ ಬಿಟ್ಟ ಹೋಗ್ತಾನ!"

ಬಾಗಿಲ ಆಚೆ ಬೆಂಚಿನಲ್ಲಿ ಊರಿನವರಿಬ್ಬರು ಕೂತಿದ್ದರು. ಅವರು ಇತ್ತಲೇ ನೋಡುತ್ತಿದ್ದರು. ಮೈಕಿಲ್ಲದೆಯೂ ಬಯಲು ತುಂಬುತ್ತಿದ್ದ ದನಿಯನ್ನು ಹೆಗಡೆಯವರು ತಗ್ಗಿಸಿದರು. "ಅವನಿಗೆ... ಸ್ವಲ್ಪ ಗ್ಯಾಸು..." ಎಂದಿತು ಬಾಯಿ. ರಘುಪತಿಯ ತುಟಿ ನೀಲಿಗಟ್ಟುತ್ತಿತ್ತು. ಹೆಗಡೆಯವರು ಬೆಂಚಿನ ಕಡೆ ನೋಡುವುದನ್ನು ಬಿಟ್ಟರು. ಗ್ರಂಥದ ಭಾಷೆ, ಸಭೆಯ ಭಾಷೆ ಎಲ್ಲ ಕಳಚಿ ಬಿತ್ತು.

"ಕುಡಿತ ಡಾಕ್ಟ್ರೆ! ದಿನಾ ಕುಡಿತ, ಬೆಳಗಿಂದ ರಾತ್ರಿವರೆಗೆ! ಮೊನ್ನೆ ಒಂದೇ ಸಲಕ್ಕೆ ನಿಲ್ಸಿದ್ದು ಆನೇ, ದೀಪ ಮುಟ್ಟಿಸಿ!"

ಬೆಂಚಿನವರಿಗೂ, ಅದರಾಚೆಯ ಔಷಧಿ ಅಂಗಡಿಯವನಿಗೂ ಅದು ಕೇಳಿಸಿತು.

ಡಾಕ್ಟರು ಬಯ್ಯಲಿಲ್ಲ, ಬಯ್ಯಲು ಪುರುಸೊತ್ತಿರಲಿಲ್ಲ. ಸೂಜಿ, ಸಲೈನು, ಇನ್ನೊಂದು ಸೂಜಿ. ಸೆಟೆತ ಸಡಿಲವಾದ ಮೇಲೆ ಹೊರಗೆ ಬಂದು, "ಆಣಿ ದೇವರ ಮನ್ಯಾಗ ಇರ್ಲಿ ಯಜಮಾನ್ರ. ಇಷ್ಟ ಕುಡಿಯೋರಿಗೆ ಒಮ್ಮಿಗೇ ಬಿಡಸಿದ್ರ ಹಿಂಗ ಆಗೂದು. ಔಷಧ ಕೊಟ್ಟು, ಕಾಯ್ಕೋತ ಬಿಡಸ್ಬೇಕು. ಇವತ್ತು ಸಂಜಿ ತನಕ ಏನೂ ಹೇಳಂಗಿಲ್ಲ," ಎಂದರು.

ಸಂಜೆಯವರೆಗೆ ಗಂಡ ಹೆಂಡತಿ ಬೆಂಚಿನ ಮೇಲೆ ಕೂತರು. ಪರಿಮಳಾ ಒಂದೇ ಒಂದು ಮಾತು ಆಡಿದಳು: "ಮೊದಲೇ ಹೇಳಲಾಗ್ತಿತ್ತು." ಒಳಗಿನಿಂದ ನರ್ಸು ಬಂದಾಗಲೆಲ್ಲ ಹೆಗಡೆಯವರು ಎದ್ದು ನಿಲ್ಲುತ್ತಿದ್ದರು, ಅವಳು ದಾಟಿಹೋದರೆ ಕೂರುತ್ತಿದ್ದರು.

ರಘುಪತಿ ಉಳಿದ. ಪೂರ್ತಿ ಬಿಟ್ಟ ಎಂದು ಹೇಳುವಂತಿಲ್ಲ. ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ಭಾನುವಾರ ಕುಡಿತದವರೂ ಮನೆಯವರೂ ಸುತ್ತ ಕೂತು ಮಾತಾಡುತ್ತಾರೆ. ಹೆಗಡೆಯವರು ಭಾವಮೈದುನನನ್ನು ಅಲ್ಲಿಗೆ ಕರೆದೊಯ್ಯುತ್ತಾರೆ. ಅಲ್ಲಿ ಮೈಕಿಲ್ಲ, ವೇದಿಕೆಯಿಲ್ಲ, ಚಾಪೆಗೂ ಕುರ್ಚಿಗೂ ಭೇದವಿಲ್ಲ. ಮೊದಲ ದಿನ ಅವರು "ಬಂಧುಗಳೇ" ಎಂದು ಎದ್ದು ನಿಂತಾಗ ಎಕ್ಕಂಬಿಯಿಂದ ಮಗನನ್ನು ಕರೆತರುವ ಪಾರ್ವತವ್ವ, "ಕುಂದರ್ರಿ ಹೆಗಡೇರ, ನಿಮ್ಮ ಪಾಳಿ ಆಮ್ಯಾಲ," ಎಂದು ಕೂರಿಸಿದ್ದಳು. ಡಾಕ್ಟರು ಹೇಳಿದ್ದೂ ಇಷ್ಟೇ: ಜಾರಿದರೆ ಜಾರಲಿ, ಮುಚ್ಚಿಡಬಾರದು. ಊಟ ತಪ್ಪಬಾರದು, ಬೆಂಕಿ ಹತ್ತಿರ ಒಬ್ಬನೇ ಇರಬಾರದು, ಗಾಡಿ ಮುಟ್ಟಬಾರದು, ತಮಗೆ ಫೋನು ಮಾಡಬೇಕು.

ಹಾಗಾಗಿ ಈಗ ರಘುಪತಿ ಅಡಿಗೆಗೆ ಹೋದಲ್ಲೆಲ್ಲ ಹೆಗಡೆಯವರೂ ಹೋಗುತ್ತಾರೆ. ಹೆಸರಿಗೆ ಮೇಲ್ವಿಚಾರಕರು, ಮಾಡುವುದು ಸೌತೆಕಾಯಿ ಕೊಚ್ಚುವುದು.

ನಂದೊಳ್ಳಿಯ ಮದುವೆಯಲ್ಲಿ ಹೋಳಿಗೆಯ ಹೊತ್ತಿಗೆ ರಘುಪತಿ ಕಾಣಲಿಲ್ಲ. ನೀರಿನ ಟ್ಯಾಂಕಿನ ಹಿಂದೆ ಹೋದವ ಬಹಳ ಹೊತ್ತು ಬರಲಿಲ್ಲ. ಹೆಗಡೆಯವರ ಕತ್ತಿ ನಿಂತಿತು. ಎದ್ದು ಹೋಗಿ ಹಿಡಿಯಬೇಕೋ, ಕಾಯಬೇಕೋ? ಅಲ್ಲೇ ಬಿದ್ದಿದ್ದರೆ?

ರಘುಪತಿ ತಾನಾಗಿಯೇ ಬಂದ. ಎದುರು ನಿಂತು, ನೆಲ ನೋಡುತ್ತಾ ಹೇಳಿದ: "ಭಾವ, ಆನು ತಗಂಡಿದ್ದಿ. ಸ್ವಲ್ಪ."

ಹೆಗಡೆಯವರೊಳಗೆ ಒಂದು ಸಂಪೂರ್ಣ ಭಾಷಣ, ಸ್ವಾಗತದಿಂದ ವಂದನಾರ್ಪಣೆಯವರೆಗೆ, ಗಂಟಲವರೆಗೂ ಬಂದು ನಿಂತಿತು. ಅದನ್ನು ನುಂಗಿಕೊಂಡರು.

"ಉಂಡ್ಯನೋ?"

"ಇಲ್ಲೆ."

"ಕೂತ್ಗ ಹಂಗಾರೆ. ಕಾವಲಿ ಹತ್ರ ಹೋಗಡ."

ಅವನ ಮುಂದೆ ತಾವೇ ಎಲೆ ಹಾಕಿ ಅನ್ನ ಬಡಿಸಿದರು. ಅಷ್ಟರಲ್ಲಿ ಮದುವೆಮನೆಯ ಯಜಮಾನರು ಧಾವಿಸಿ ಬಂದರು. "ಹೋಳಿಗೆ ಎಲ್ಲಿ ಮಾರಾಯ್ರಾ? ಭಟ್ರಿಗೆ ಎಂತ ಆತು?"

"ಕುಡದ್ದ. ಈಗ ಉಣ್ತಾ ಇದ್ದ," ಎಂದರು ಹೆಗಡೆಯವರು. "ಹೋಳಿಗೆ ಆನು ಬೇಯಿಸ್ತೆ."

ಹೆಗಡೆಯವರಿಗೆ ಹೋಳಿಗೆ ಬೇಯಿಸಲು ಬರುತ್ತಿರಲಿಲ್ಲ. ಮೊದಲನೆಯದು ಸೀದು ಹೊಗೆ ಎದ್ದಿತು. ಅವರ ಕಣ್ಣು ಕಾವಲಿಯ ಮೇಲಿರಲೇ ಇಲ್ಲ. ಎಲೆಯಿಂದ ಎದ್ದ ನಡುಗುವ ಕೈಯ ತುತ್ತು ಬಾಯಿ ಮುಟ್ಟುವವರೆಗೆ ಅವರು ಉಸಿರು ಹಿಡಿದು ನೋಡುತ್ತಲೇ ಇದ್ದರು.