ರಟ್ಟಿನ ಚಂದ್ರನನ್ನು ನಾನು ಮುಂದೆ ತಿರುಗಿಸಿದೆ

ಆ ಮುಂಜಾನೆ ನನ್ನ ಹೆಂಡತಿ ಶಾಂತಾಳ ಬಲಗೈಯಿಂದ ಚಹಾದ ಕಪ್ಪು ಜಾರಿತು. ಬಾಗಿ ಎತ್ತಲು ಹೋದಳು. ಬೆರಳು ಮಡಚಲಿಲ್ಲ.

ಸ್ಟ್ರೋಕ್.

ಹನ್ನೆರಡು ದಿನಗಳ ಮೇಲೆ ಆಸ್ಪತ್ರೆಯಿಂದ ಮಲ್ಕಾಜ್‌ಗಿರಿಯ ಮನೆಗೆ ಮರಳಿದೆವು. ತೊದಲಿದರೂ ಮಾತು ಉಳಿದಿತ್ತು. ಓದು ಹೋಗಿತ್ತು. ಕ್ಯಾಲೆಂಡರಿನ ಅಕ್ಷರ, ಅಂಕಿ ಯಾವುದೂ ಅವಳಿಗೆ ಹತ್ತುತ್ತಿರಲಿಲ್ಲ.

"ಸಂಕಷ್ಟಿ ಯಾವಾಗ ಅಂತ ಇನ್ನ ನಿಮ್ಮನ್ನ ಕೇಳ್ಕೋತ ಕೂಡ್ಲೇನ್ರಿ?" ಎಂದು ಅತ್ತಳು. ಹುಣ್ಣಿಮೆಯಾದ ನಾಲ್ಕನೇ ದಿನ, ಚಂದ್ರ ಕಾಣುವವರೆಗೆ ಉಪವಾಸ. ಮದುವೆಯಾದಾಗಿನಿಂದ ಒಮ್ಮೆಯೂ ತಪ್ಪಿಸಿದವಳಲ್ಲ.

ನಾನು ರೈಲ್ವೆಯ ಪಾರ್ಸೆಲ್ ಆಫೀಸಿನಲ್ಲಿ ದುಡಿದವನು. ರಟ್ಟು, ದಾರ, ಕತ್ತರಿ ಪಳಗಿದ ವಸ್ತುಗಳು. ಮಿಕ್ಸರಿನ ಡಬ್ಬಿಯ ಮೇಲೆ ಊಟದ ತಾಟು ಇಟ್ಟು ಎರಡು ಚಕ್ರ ಕತ್ತರಿಸಿದೆ. ಕೆಳಗಿನದರ ಅಂಚಿನುದ್ದಕ್ಕೂ ರೂಪಾಯಿ ನಾಣ್ಯದಿಂದ ಮೂವತ್ತು ಚಂದ್ರರನ್ನು ಬರೆದು, ಬೂಟ್ ಪಾಲಿಶ್‌ನಿಂದ ಕತ್ತಲೆ ತುಂಬಿದೆ: ಅಮಾವಾಸ್ಯೆಗೆ ಪೂರ್ತಿ, ಹುಣ್ಣಿಮೆಗೆ ಏನೂ ಇಲ್ಲ. ಸಂಕಷ್ಟಿಯ ಚಂದ್ರನಿಗೆ ಕುಂಕುಮದ ಬೊಟ್ಟು. ಮೇಲಿನ ಚಕ್ರಕ್ಕೆ ಆ ದಿನದ ಚಂದ್ರ ಕಾಣಲು ಒಂದೇ ಕಿಂಡಿ. ನಡುವೆ ಹಳೆಯ ಯೂನಿಫಾರ್ಮಿನ ಗುಂಡಿ ಹೊಲಿದೆ. ದಿನಾ ಮುಂಜಾನೆ ಒಂದು ಮನೆ ತಿರುಗಿಸುವುದು ನನ್ನ ಕೆಲಸ.

ಕುಂಕುಮದ ಬೊಟ್ಟು ಮೊದಲ ಸಲ ಕಿಂಡಿಗೆ ಬಂದ ದಿನ ಅವಳು ಉಪವಾಸ ಕೂತಳು. ಹೊಟ್ಟೆಗೆ ಶುಗರ್ ಗುಳಿಗೆ ಮಾತ್ರ. ಮಧ್ಯಾಹ್ನ ಬೆವತು ಬಿದ್ದಳು. ಲೋ ಶುಗರ್. ಇನ್ನು ಉಪವಾಸ ಕೂಡದೆಂದು ಡಾಕ್ಟರು ಆಸ್ಪತ್ರೆಯ ಕಾರಿಡಾರಿನಲ್ಲಿ ನನಗೊಬ್ಬನಿಗೇ ಹೇಳಿದರು. ಅವಳಿಗೆ ನಾನು ಹೇಳಬೇಕಿತ್ತು. ಹಟ ಹಿಡಿದಾಳು, ಅತ್ತಾಳು ಎಂದು ನಾನೇ ತೀರ್ಮಾನಿಸಿ, ಹೇಳಲಿಲ್ಲ.

ಮುಂದಿನ ಹುಣ್ಣಿಮೆಯಾದ ಎರಡನೇ ದಿನ, ಅವಳು ಏಳುವ ಮುನ್ನ, ಚಕ್ರವನ್ನು ಒಂದರ ಬದಲು ಆರು ಮನೆ ತಿರುಗಿಸಿದೆ. ಬೊಟ್ಟು ದಾಟಿತು.

"ಸಂಕಷ್ಟಿ ಆಗಿ ಹೋತೇನ್ರಿ?"

"ಮೂರು ದಿನ ಆತು. ಗುಳಿಗಿ ಮಂಪರಿನಾಗ ನಿನಗ ನೆನಪಿಲ್ಲ."

ಮರುದಿನ ಮುಂಜಾನೆ ಬಾಲ್ಕನಿಯಿಂದ ಕೂಗಿದಳು. ಎದುರು ಮನೆಯ ನೀರಿನ ಟ್ಯಾಂಕಿನ ಮೇಲೆ ಚಂದ್ರ ಇನ್ನೂ ಮುಳುಗಿರಲಿಲ್ಲ.

"ಚಕ್ರದಾಗ ಅರ್ಧಕ್ಕಿಂತ ಕಡಿಮಿ ಐತಿ. ನನಗ್ಯಾಕ ದುಂಡಗ ಕಾಣಾಕತ್ತೈತಿ? ತಲಿ ಪೂರ್ತಿ ಕೆಟ್ಟಿತೇನ್ರಿ ನಂದು?"

"ಔಷಧದ್ದಿರಬೇಕು" ಎಂದೆ.

ಮುಂದಿನ ವಾರದ ರಿವ್ಯೂನಲ್ಲಿ ಅವಳೇ ಡಾಕ್ಟರಿಗೆ ಎಲ್ಲ ಹೇಳಿದಳು. ಅವರು ಮೆಮೊರಿ ಟೆಸ್ಟ್ ಮಾಡಿದರು. ಇವತ್ತು ಯಾವ ವಾರ ಎಂಬಷ್ಟು ಸಣ್ಣ ಪ್ರಶ್ನೆಗೂ ಅವಳು ಸರಿಯಾದ ಉತ್ತರ ಹೇಳಿ, ಹೆದರಿ ನನ್ನ ಕಡೆ ತಿರುಗುತ್ತಿದ್ದಳು. "ಹೌದಲ್ರಿ?" ಕೊನೆಗೆ ಅವರಿಗೆ ಹೇಳಿದಳು: "ನನ್ನ ಮಾತು ನಂಬಬ್ಯಾಡ್ರಿ. ನಮ್ಮನಿಯವರನ್ನ ಕೇಳ್ರಿ."

ನಾನು ಅವಳ ಫೈಲನ್ನು ಅವರ ಮುಂದೆ ಸರಿಸಿದೆ.

ಎಂಆರ್‌ಐ ಬರೆದರು. ಆ ಕೊಳವೆಯೆಂದರೆ ಅವಳಿಗೆ ಭಯ. ಬಳೆ ಬಿಚ್ಚಿಸಿ ಒಳಗೆ ಕರೆದೊಯ್ದರು. ಬಳೆಗಳು ನನ್ನ ಕೈಯಲ್ಲಿದ್ದವು. ಒಳಗಿನ ಯಂತ್ರದ ಬಡಿತ ಹೊರಗಿನ ಬೆಂಚಿಗೂ ಕೇಳುತ್ತಿತ್ತು. ನಲವತ್ತು ವರ್ಷಗಳಲ್ಲಿ ಅವಳಿಗೆ ಹೇಳಿದ ಸಣ್ಣಪುಟ್ಟ ಸುಳ್ಳುಗಳೆಲ್ಲ ಹೀಗೇ ಅವಳ ಒಳ್ಳೆಯದಕ್ಕೆಂದೇ ಇದ್ದವು ಎಂದು ಆಗ ಹೊಳೆಯಿತು.

ಸ್ಕ್ಯಾನಿನಲ್ಲಿ ಹೊಸದೇನೂ ಇರಲಿಲ್ಲ.

"ಹಂಗಾರ ಚಂದ್ರ?" ಎಂದಳು.

ಆ ಬೆಂಚಿನ ಮೇಲೆಯೇ ಹೇಳಿದೆ.

"ಅಂದ್ರ ನನ್ನ ತಲಿ ನೆಟ್ಟಗೈತಿ?" ಜೋರಾಗಿ ನಕ್ಕಳು. ಆಮೇಲೆ ಬಳೆ ತೊಡಿಸಹೋದ ನನ್ನ ಕೈ ದೂಡಿ, ಎಡಗೈಯಿಂದ ತಾನೇ ಒಂದೊಂದಾಗಿ ಏರಿಸಿಕೊಂಡಳು. ಬಹಳ ಹೊತ್ತು ಹಿಡಿಯಿತು.

ಮನೆಗೆ ಬಂದ ನಾಲ್ಕನೇ ದಿನ ಅಡುಗೆಮನೆಯಿಂದ ದನಿ ಬಂತು: "ಡಾಕ್ಟರು ಬ್ಯಾಡ ಅಂದಾರ ಅಂತ ಹೇಳಿದ್ರ ಸಾಕಾಗಿತ್ತು. ನಾ ಏನು ಸಣ್ಣ ಕೂಸೇನ್ರಿ?"



ಈಗ ಸಂಕಷ್ಟಿಯ ದಿನ ಅವಳು ಹೊತ್ತಿಗೆ ಸರಿಯಾಗಿ ಉಣ್ಣುತ್ತಾಳೆ. ಉಪವಾಸ ನನ್ನದು. ಅವಳದೇ ಅಪ್ಪಣೆ. "ಹಸಿವಾತೇನ್ರಿ?" ಎಂದು ನನ್ನೆದುರೇ ಮಜ್ಜಿಗೆ ಕುಡಿಯುತ್ತಾಳೆ. ಅಷ್ಟು ಸಿಕ್ಕಿದ್ದೇ ನನ್ನ ಪುಣ್ಯ.

ಚಕ್ರ ಅವಳ ಮಂಚದ ಬಳಿಯಿದೆ. ತಾನೇ ಎಡಗೈಯಿಂದ ತಿರುಗಿಸುತ್ತಾಳೆ. ಇವತ್ತು ಯಾವ ತಿಥಿ ಎಂದು ನನ್ನನ್ನು ಕೇಳುವುದಿಲ್ಲ. ಚಕ್ರ ಹಿಡಿದು, ಕಾಲೆಳೆಯುತ್ತ ಬಾಲ್ಕನಿಗೆ ಹೋಗಿ, ಆಕಾಶದ ಜೊತೆ ತಾಳೆ ನೋಡಿ ಬರುತ್ತಾಳೆ.