ಎರಡು ಸೂಜಿಯವರ ಕುಬಸ

ನಮ್ಮ ಕಡೆ ಚಹಾಕ್ಕೆ ಕಪ್ಪಿಗಿಂತ ಬಸಿಯೇ ಮುಖ್ಯ. ಬಸಿ ಎಂದರೆ ಕಪ್ಪಿನ ಕೆಳಗಿನ ಪುಟ್ಟ ತಟ್ಟೆ. ಕಪ್ಪಿನಲ್ಲಿದ್ದುದರಲ್ಲಿ ಅರ್ಧವನ್ನು ಬಸಿಗೆ ಸುರಿದು ಬಾಜೂ ಕುಳಿತವರಿಗೆ ಕೊಡುವುದು, ಉಳಿದರ್ಧವನ್ನು ತಾನು ಕುಡಿಯುವುದು. ಎಷ್ಟೇ ಮಂದಿ ಬಂದರೂ ಚಹಾ ಸಾಲದು ಎಂಬ ಮಾತೇ ಬರದ ಹಾಗೆ ನಮ್ಮ ಹಿರಿಯರು ಮಾಡಿಟ್ಟ ಉಪಾಯವಿದು. ರೋಗ ಬಂದ ವರ್ಷ ನಮ್ಮ ಮನೆಯ ಬಸಿಗಳು ಅಟ್ಟ ಏರಿದವು. ಆ ರೋಗದ ಲಸಿಕೆಯ ಎರಡನೆಯ ಸೂಜಿ ಮಾಡಿಸಿಕೊಂಡು ಎರಡು ವಾರ ಕಳೆದ ಮರುದಿನ ಬೆಳಿಗ್ಗೆ, ಅರವತ್ತೆರಡರ ಮೊಣಕಾಲನ್ನೂ ಲೆಕ್ಕಿಸದೆ ಸ್ಟೂಲ್ ಹತ್ತಿ, ಆರು ಬಸಿ ಕೆಳಗಿಳಿಸಿ, ಬೂದಿ ಹಚ್ಚಿ ತಿಕ್ಕಿ ತೊಳೆದೆ. ನೀವು ನಗಬಹುದು. ಆದರೆ ವರ್ಷವಿಡೀ ಒಬ್ಬಳೇ ಪೂರ್ತಿ ಒಂದು ಕಪ್ಪಿನ ಚಹಾ ಕುಡಿದವಳಿಗೇ ಗೊತ್ತು, ಅದು ಎಷ್ಟು ಸಪ್ಪಗಿರುತ್ತದೆ ಎಂದು.

ನಾನು ತುಕ್ಕಾನಟ್ಟಿಯವಳು. ಮೂವತ್ತು ವರ್ಷ ಪ್ರಾಥಮಿಕ ಶಾಲೆಯಲ್ಲಿ ಕಲಿಸಿ ನಿವೃತ್ತಳಾದವಳು. ಊರಿಗೆಲ್ಲ ನಾನು ಅಕ್ಕೋರು. ಸೂಜಿ ಎಂದರೆ ಊರು ಅಂಜಿ ಮನೆಯೊಳಗೆ ಅಡಗಿದ್ದ ದಿನಗಳಲ್ಲಿ ಮೊದಲು ರಟ್ಟೆ ಒಡ್ಡಿದವಳು ನಾನೇ, ಆಮೇಲೆ ಮನೆ ಮನೆ ತಿರುಗಿ ಗದರಿಸಿ, ಗೋಗರೆದು, ಮುದುಕಿಯರನ್ನೆಲ್ಲ ಹೊರಡಿಸಿದವಳೂ ನಾನೇ. ಆದ್ದರಿಂದ ಸೂಜಿಯ ವಿಷಯದಲ್ಲಿ ನನ್ನದೇ ಕೊನೆಯ ಮಾತು ಎಂಬ ಒಂದು ಸೊಕ್ಕು ನನಗಿತ್ತು. ಇತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ. ಆಗ ಅದನ್ನು ತಿಳುವಳಿಕೆ ಎಂದು ಕರೆಯುತ್ತಿದ್ದೆ.

ಬಸಿ ತೊಳೆದ ದಿನವೇ ಪಕ್ಕದ ಮನೆಯ ಗಂಗವ್ವ ಬಂದಳು. ಅವಳ ಹಿಂದೆ ಇನ್ನೂ ಮೂವರು. ಎಲ್ಲರೂ ಅರವತ್ತು ದಾಟಿದವರು, ಎಲ್ಲರಿಗೂ ಎರಡೂ ಆಗಿದ್ದವು. ಕಟ್ಟೆಯ ಮೇಲೆ ಒತ್ತೊತ್ತಾಗಿ ಕುಳಿತು, ಕುಪ್ಪಸದ ತೋಳು ಏರಿಸಿ, ಯಾರಿಗೆ ಎಷ್ಟು ಬಾವು ಬಂದಿತ್ತು ಎಂದು ತೋರಿಸಿದ್ದೇ ತೋರಿಸಿದ್ದು.

"ಮೊದಲನೇದು ಮಾಡಿಸ್ಕೊಂಡ ದಿನ ನನ್ನ ಮೈ ಎಂಥಾ ಕಾದಿತ್ತಂತೀರಿ ಅಕ್ಕೋರ, ಹಂಚ ಬ್ಯಾಡ, ಬೆನ್ನ ಮ್ಯಾಲ ರೊಟ್ಟಿ ಬೇಯಿಸಬಹುದಿತ್ತ ನೋಡ್ರಿ," ಎಂದಳು ಗಂಗವ್ವ.

ನಕ್ಕೂ ನಕ್ಕೂ ನನ್ನ ಬಸಿಯ ಚಹಾ ಸೀರೆಯ ಮೇಲೆ ಚೆಲ್ಲಿತು. ಅಂದಿನಿಂದ ದಿನವೂ ಹೊತ್ತಿಳಿಯುವಾಗ ನಮ್ಮ ಕಟ್ಟೆ ತುಂಬತೊಡಗಿತು. ಹೊಸಬರು ಯಾರಾದರೂ ಮೆಟ್ಟಿಲು ಹತ್ತಿದರೆ, ಮೊದಲು ಊಟ ಆಯಿತೇ ಎಂದು ಕೇಳುತ್ತಿದ್ದ ನಾವು ಈಗ "ಎರಡೂ ಆಗ್ಯಾವೇನು?" ಎಂದು ಕೇಳುತ್ತಿದ್ದೆವು. ಆಗಿದ್ದರೆ ಮೇಲೆ ಬಾ, ಇಲ್ಲದಿದ್ದರೆ ಅಂಗಳದಲ್ಲೇ ನಿಲ್ಲು. ಗೆರೆ ಎಳೆಯುವ ಚಪಲ ಮನುಷ್ಯನಿಗೆ ಹುಟ್ಟಿನಿಂದಲೇ ಬಂದಿರುತ್ತದೋ ಏನೋ. ಹಳೆಯ ಗೆರೆಗಳನ್ನು ಅಳಿಸಬೇಕೆಂದು ಮಕ್ಕಳಿಗೆ ಮೂವತ್ತು ವರ್ಷ ಪಾಠ ಹೇಳಿದ ನಾನು, ಹೊಸ ಗೆರೆಯೊಂದನ್ನು ಎಷ್ಟು ಸಲೀಸಾಗಿ ಎಳೆದೆನೆಂದರೆ, ಎಳೆದದ್ದು ನನಗೇ ತಿಳಿಯಲಿಲ್ಲ.

ಮನೆಯೊಳಗೆ ನನ್ನ ಸೊಸೆ ರೇಣುಕಾ ಇದ್ದಳು. ಇಪ್ಪತ್ತೆರಡರ ಹುಡುಗಿ, ಚೊಚ್ಚಲ ಬಸುರಿ. ನನಗೂ ಯಜಮಾನರಿಗೂ ವಯಸ್ಸಿನ ಪುಣ್ಯದಿಂದ ಸೂಜಿ ಆಗಿತ್ತು. ಮಗ ಕರೆಂಟಿನ ಲೈನ್‌ಮನ್, ಅವನಿಗೆ ನೌಕರಿಯ ಪುಣ್ಯದಿಂದ ಆಗಿತ್ತು. ಆದರೆ ಬಸುರಿಯರಿಗೆ ಕೊಡಲು ಸರಕಾರದ ಅಪ್ಪಣೆ ಇನ್ನೂ ಬಂದಿರಲಿಲ್ಲ. ನಾವು ಕಟ್ಟೆಯ ಮೇಲೆ ನಗುತ್ತಿದ್ದರೆ ಅವಳು ಒಳಗಿನಿಂದ ಚಹಾ ಸೋಸಿ ಹೊಸ್ತಿಲ ಮೇಲೆ ಇಟ್ಟು ಹಿಂದೆ ಸರಿಯುತ್ತಿದ್ದಳು. ಸಂಕೋಚದ ಹುಡುಗಿ ಎಂದುಕೊಂಡೆ. ನಾನು ಅದಕ್ಕಿಂತ ಹೆಚ್ಚು ಯೋಚಿಸಲಿಲ್ಲ.

ಅವಳಿಗೆ ಏಳು ತಿಂಗಳು ತುಂಬುತ್ತ ಬಂದಾಗ ಕುಬಸದ ಮಾತು ಎದ್ದಿತು. ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಉಡಿ ತುಂಬಿ, ಬಯಸಿದ್ದನ್ನು ಉಣಿಸುವ ಶಾಸ್ತ್ರ ಇದು. ನಮ್ಮ ಮನೆತನದಲ್ಲಿ ಐವರು ಮುತ್ತೈದೆಯರು ಒಬ್ಬೊಬ್ಬರಾಗಿ ಬಸುರಿಯ ಬಾಯಿಗೆ ತುತ್ತು ಇಡಬೇಕು, ಮೊದಲ ತುತ್ತು ತವರಿನ ತಾಯಿಯದು. ಲಾಕ್‌ಡೌನು ಸಡಿಲಾಗಿತ್ತು. ನಾನು ನೋಟುಪುಸ್ತಕ ತೆಗೆದು, ಹಾಜರಿ ಬರೆಯುವ ಅಭ್ಯಾಸದಿಂದಲೇ, ಕರೆಯಬೇಕಾದವರ ಹೆಸರು ಬರೆದು, ಮೇಲೆ ಒಂದು ನಿಯಮ ಬರೆದೆ: ಎರಡೂ ಆದವರು ಮಾತ್ರ. ಬಸುರಿ ಇರುವ ಮನೆ, ಎಚ್ಚರ ಬೇಕಲ್ಲ ಎಂದು ನನ್ನನ್ನು ನಾನೇ ಮೆಚ್ಚಿಕೊಂಡೆ.

ಆ ನಿಯಮಕ್ಕೆ ಮೊದಲು ಸಿಕ್ಕಿಬಿದ್ದವಳು ರೇಣುಕಾಳ ತಾಯಿ ನೀಲವ್ವ.

ನೀಲವ್ವ ಹುಕ್ಕೇರಿ ತಾಲೂಕಿನ ಘೋಡಗೇರಿಯವಳು. ನಮ್ಮಲ್ಲಿ ಮಾವನ ಕಾಲಕ್ಕೇ ಕುರಿ ಬಿಟ್ಟು ಹೊಲ ಹಿಡಿದರು. ಬೀಗರು ಮಾತ್ರ ಇನ್ನೂ ಕುರಿ ಬಿಟ್ಟಿಲ್ಲ. ಅವಳ ಆಧಾರ ಕಾರ್ಡಿನ ಪ್ರಕಾರ ಅವಳಿಗೆ ನಲವತ್ಮೂರು. ಖರೆ ವಯಸ್ಸು ಅವಳಿಗೂ ಗೊತ್ತಿಲ್ಲ, ಕಾರ್ಡು ಮಾಡುವವರು ಮುಖ ನೋಡಿ ಅಂದಾಜಿಗೆ ಬರೆದದ್ದು. ಹೆಂಗಸಾದವಳು ಎರಡು ವರ್ಷ ಕಮ್ಮಿ ಬರೆಸಿಕೊಂಡು ಕೆಟ್ಟದ್ದು ಅದೇ ಮೊದಲಿರಬೇಕು: ನಲವತ್ತೈದು ಆದವರಿಗೆ ಸೂಜಿ, ಆಗದವರು ಕಾಯಬೇಕು. ಕೆಳಗಿನ ವಯಸ್ಸಿನವರಿಗೂ ಕೊಡುತ್ತಾರಂತೆ ಎಂಬ ಸುದ್ದಿ ನಂಬಿ ಎರಡು ಸಲ ನಸುಕಿನಲ್ಲಿ ಹೋಗಿ ಪಾಳಿ ಹಚ್ಚಿದಳು. ಎರಡೂ ಸಲ ಅವಳ ಪಾಳಿ ಬರುವ ಮೊದಲೇ ಲಸಿಕೆ ತೀರಿತು. ಆಗ ಎಲ್ಲ ಕಡೆಯೂ ಹಾಗೆಯೇ ಇತ್ತು.

ನಾನು ಫೋನು ಮಾಡಿ ವಿಷಯ ಹೇಳಿದೆ. ಆ ಕಡೆಯಿಂದ ಕುರಿಗಳ ಸದ್ದು ಕೇಳುತ್ತಿತ್ತು.

"ಆತ್ರಿ ಅಕ್ಕೋರ," ಎಂದಳು ನೀಲವ್ವ. "ನೀವು ಕಲತವ್ರು, ನಿಮಗ ತಿಳಿದಿರತೈತಿ. ಸೀರಿ ಬಳಿ ಕಳಸ್ತೇನ್ರಿ. ಅಕಿಗಿ ಪುಂಡಿಪಲ್ಯದ ಬಯಕಿ ಐತಂತ. ನಿಮ್ಮ ಕಡೆ ಪುಂಡಿ ಸಿಗತೈತೇನ್ರಿ?"

ಸಿಗತೈತಿ ಎಂದು ಫೋನು ಇಟ್ಟೆ. ಅವಳು ಜಗಳ ತೆಗೆದಿದ್ದರೆ ಚೆನ್ನಾಗಿತ್ತು. ಜಗಳ ತೆಗೆದವರಿಗೆ ಉತ್ತರ ಕೊಡುವುದು ನನಗೆ ಗೊತ್ತು. ತಾಯಿಯೊಬ್ಬಳು ತನ್ನ ತುತ್ತನ್ನು ಬಿಟ್ಟುಕೊಟ್ಟು ಸೊಪ್ಪಿನ ವಿಚಾರ ಕೇಳಿದರೆ ಏನೆನ್ನಬೇಕು?

ಆ ಸಂಜೆ ರೇಣುಕಾ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದಳು. ಮೊರದಿಂದ ಕಣ್ಣು ಎತ್ತದೆ ಕೇಳಿದಳು.

"ಅತ್ತಿ, ಒಂದ ಮಾತ ಕೇಳಲ್ರಿ? ಸೂಜಿ ಆಗದವ್ರು ಕುಬಸಕ್ಕ ಬರಬಾರದಂದ್ರ, ನಾ ಎಲ್ಲಿ ಕುಂದರಲ್ರಿ?"

ಮೊದಲು ನನಗೆ ಅರ್ಥವೇ ಆಗಲಿಲ್ಲ. ಕುಬಸ ಅವಳದೇ, ಅವಳು ನಡುವೆ ಮಣೆಯ ಮೇಲೆ ಕುಳಿತುಕೊಳ್ಳುವವಳು. "ಹುಚ್ಚಿ, ಹಿಂಗ್ಯಾಕ ಕೇಳ್ತಿ?" ಎಂದೆ.

"ನನಗೂ ಆಗಿಲ್ಲಲ್ರಿ," ಎಂದಳು. "ಐದ ಮಂದಿ ನನ್ನ ಬಾಯಿಗಿ ಕೈ ಇಡ್ತಾರ. ಅವ್ರಿಗೆಲ್ಲಾ ಆಗೈತಿ, ಖರೆ. ಅವ್ರಿಗೇನೂ ಆಗೂದಿಲ್ಲ. ಅವ್ರಿಂದ ನನಗ ಬಂದ್ರ ನನ್ನ ಕಾಯಾಕ ಏನ ಐತ್ರಿ? ಮಸಗುಪ್ಪಿ ಅಕಿದು ಕೇಳಿದಾಗಿಂದ ನನಗ ಭಾಳ ಅಂಜಿಕಿ ಆಗಾಕತ್ತೈತ್ರಿ ಅತ್ತಿ."

ಮಸಗುಪ್ಪಿ ಊರಿನ ಅವಳು ಎಂದರೆ ರೇಣುಕಾಳ ಓರಗೆಯವಳು, ಎಂಟು ತಿಂಗಳ ಬಸುರಿ. ಜ್ವರ ಬಂದು ಆಸ್ಪತ್ರೆಗೆ ಹೋದವಳು ತಿರುಗಿ ಬರಲಿಲ್ಲ, ಕೂಸೂ ಬರಲಿಲ್ಲ. ಆ ಸುದ್ದಿಯನ್ನು ನಮ್ಮ ಕಟ್ಟೆಗೆ ತಂದದ್ದು ಗಂಗವ್ವ. ಅಯ್ಯೋ ಪಾಪ ಎಂದು ಎಲ್ಲರೂ ಲೊಚಗುಟ್ಟಿ ಎರಡನೆಯ ಸುತ್ತಿನ ಚಹಾಕ್ಕೆ ಕೂಗಿದ್ದೆವು. ಆ ಚಹಾ ಸೋಸಿ ತಂದಿಟ್ಟವಳು ಇವಳು. ಹೊಸ್ತಿಲಿಂದ ಹಿಂದೆ ಸರಿಯುತ್ತಿದ್ದದ್ದು ಸಂಕೋಚಕ್ಕಲ್ಲ, ಜೀವದಂಜಿಕೆಗೆ. ಆಗ ನನ್ನ ಮುಖಕ್ಕೆ ಯಾರೋ ತಣ್ಣೀರು ಎರಚಿದ ಹಾಗಾಯಿತು. ನನ್ನ ಮನೆಯ ಹುಡುಗಿ ಮೂರು ವಾರದಿಂದ ನನ್ನ ನಗುವಿಗೆ ಅಂಜಿ ಅಡುಗೆಮನೆಯಲ್ಲಿ ಅಡಗಿದ್ದಳು, ನಾನು ಕಟ್ಟೆಯ ಮೇಲೆ ಕುಳಿತು ಊರಿನ ಕಾಳಜಿ ಮಾಡುತ್ತಿದ್ದೆ.

ಮರುದಿನ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿದೆ. ನನ್ನ ಕೈಯಲ್ಲೇ ಅಕ್ಷರ ಕಲಿತ ಹುಡುಗಿ ಅವಳು. "ಸೂಜಿ ಆದವ್ರಿಗಿ ರೋಗ ಜೋರ ಆಗೂದು ಕಮ್ಮಿ ಆಗತೈತ್ರಿ ಅಕ್ಕೋರ, ಆದ್ರ ಅವ್ರಿಂದ ಬ್ಯಾರೇದವ್ರಿಗಿ ಹತ್ತೂದೇ ಇಲ್ಲ ಅಂತ ಅಲ್ರಿ. ನಾ ಮೊದ್ಲ ಹೇಳಿದ್ನೆಲ್ರಿ," ಎಂದಳು. ಹೇಳಿದ್ದಳು. ಮೊದಲರ್ಧ ಮಾತ್ರ ನನ್ನ ಕಿವಿಗೆ ಹೋಗಿತ್ತು. ಬೇಕಾದ್ದನ್ನಷ್ಟೇ ಕೇಳಿಸಿಕೊಳ್ಳುವ ಮಕ್ಕಳನ್ನು ನಾನು ಮೂವತ್ತು ವರ್ಷ ಬೆಂಚಿನ ಮೇಲೆ ನಿಲ್ಲಿಸಿದ್ದೇನೆ.

ನಮಗೆ ಪಾಳಿ ಎಂಬುದು ಹೊಸ ಮಾತಲ್ಲ. ಕಾಲುವೆಯ ನೀರು ಪಾಳಿಯ ಪ್ರಕಾರವೇ ಹೊಲಕ್ಕೆ ಬರುತ್ತದೆ. ತಲೆಯ ಹೊಲದವರಿಗೆ ಮೊದಲು, ಬಾಲದ ಹೊಲದವರಿಗೆ ಕೊನೆಗೆ. ತಲೆಯ ಹೊಲದವನು ಮೊದಲು ನೀರು ಹಾಯಿಸುವುದು ತಪ್ಪಲ್ಲ, ಅದು ಅವನ ಪಾಳಿ. ಹಸಿರಾದ ತನ್ನ ಪೈರು ನೋಡಿ ಅವನು ಹಿಗ್ಗುವುದೂ ತಪ್ಪಲ್ಲ. ಆದರೆ ತನ್ನದು ನೆನೆಯಿತೆಂದು ಒಡ್ಡಿನ ಮೇಲೆ ಕೆಸರು ತುಳಿದು ಕುಣಿದು, ಆ ಕುಣಿತಕ್ಕೆ ಒಡ್ಡು ಕುಸಿದು ಬಾಲದವನ ನೀರು ಹಾಳಾದರೆ? ಸೂಜಿ ನನಗೆ ಮೊದಲು ಬಂದದ್ದು ನನ್ನ ಗುಣಕ್ಕಲ್ಲ, ಮುಪ್ಪಿಗೆ. ಅದನ್ನು ನಾನು ಪದಕದ ಹಾಗೆ ತೊಟ್ಟುಕೊಂಡು ತಿರುಗಿದೆ. ಇನ್ನೊಂದು ಮಾತನ್ನೂ ಹೇಳಬೇಕು: ನಮ್ಮ ನಗು ಸುಳ್ಳಾಗಿರಲಿಲ್ಲ. ಒಂದು ವರ್ಷ ಹೆಣ ಎಣಿಸಿದ ಮುದುಕಿಯರಿಗೆ ಬಾಜೂ ಬಾಜೂ ಕುಳಿತುಕೊಳ್ಳುವ ಆಸೆ ಪಾಪವೇನಲ್ಲ. ಅದಕ್ಕೆ ನಾನು ಈಗಲೂ ಕ್ಷಮೆ ಕೇಳುವುದಿಲ್ಲ. ಕೂಡುವುದಕ್ಕೆ ಬೇರೆ ಕಟ್ಟೆ ಹುಡುಕಬೇಕಿತ್ತು, ಅಷ್ಟೇ.

ಐವರ ಶಾಸ್ತ್ರವನ್ನು ಬಿಟ್ಟೆವು ಎಂದಾಗ ಗಂಗವ್ವನಿಗೆ ಸಿಟ್ಟು ನೆತ್ತಿಗೇರಿತು. "ಹಂಗಾರ ನಾವೇನ ರೋಗ ಹೊತ್ಕೊಂಡ ತಿರಗ್ತೇವೇನ್ರಿ?" ಎಂದು ಎದ್ದು ಹೋದವಳು ಎರಡು ದಿನ ಇತ್ತ ತಲೆ ಹಾಕಲಿಲ್ಲ. ಮೂರನೆಯ ದಿನ ತನ್ನ ಬಾಗಿಲಲ್ಲೇ ನಿಂತು, "ಬಸುರಿ ಹೆಣ್ಣ ಅಂಜಬಾರದ್ರಿ ಅಕ್ಕೋರ. ಅಂಜಿದ್ರ ಕೂಸಿಗಿ ತಾಗತೈತಿ. ನಾ ಇಲ್ಲೇ ಇರ್ತೇನಿ ಬಿಡ್ರಿ," ಎಂದು ಕೂಗಿ ಹೇಳಿದಳು.

ಇನ್ನು ನೀಲವ್ವ. ಅವಳಿಗೆ ಮತ್ತೆ ಫೋನು ಮಾಡುವ ಮುಖ ನನಗಿರಲಿಲ್ಲ, ರೇಣುಕಾಳೇ ಮಾಡಿದಳು. "ಅವ್ವಾ, ಯಾರೂ ಬ್ಯಾಡ, ನೀ ಒಬ್ಬಾಕಿ ಬಾ," ಎಂದು ಅತ್ತಳು. ಬರುವುದು ಹೇಗೆ? ಬಸ್ಸಿಗೆ ಹತ್ತಿದರೆ ಗೋಕಾಕದಲ್ಲಿ ಇಳಿದು ಮತ್ತೊಂದು ಹತ್ತಬೇಕು, ನೂರು ಮಂದಿಯ ಉಸಿರು ದಾಟಿ ಬರಬೇಕು. ಸೂಜಿ ಇಲ್ಲದ ತಾಯಿ, ಸೂಜಿ ಇಲ್ಲದ ಮಗಳು. ಇಬ್ಬರ ನಡುವೆ ಆ ದಾರಿ. ಓದಿದ ನನಗೆ ಉಪಾಯ ಹೊಳೆಯಲಿಲ್ಲ. ಅಕ್ಷರ ಬಾರದ ನೀಲವ್ವನಿಗೆ ಹೊಳೆಯಿತು.

ಅವಳು ಹಿಟ್ಟು, ಖಾರ, ಉಪ್ಪು ಕಟ್ಟಿಕೊಂಡು ಗಂಡನ ಜೊತೆ ಕುರಿಯ ಹಿಂದೆ ಹೊರಟಳು. ಹದಿನೈದು ದಿನ ಊರೊಳಗೆ ಕಾಲಿಡಲಿಲ್ಲ. ಗೊಬ್ಬರಕ್ಕಾಗಿ ಹೊಲದಲ್ಲಿ ಕುರಿ ನಿಲ್ಲಿಸಿರೆಂದು ಕೇಳಿದ ರೈತರ ಜೊತೆ ಒಡ್ಡಿನ ಆಚೆಯಿಂದಲೇ ಮಾತಾಡಿದಳು. ಒಂದೊಂದು ಹೊಲದಲ್ಲಿ ಒಂದೆರಡು ರಾತ್ರಿ ಕುರಿ ತರುಬುತ್ತ, ಬೆಳಗಾದರೆ ಮೇಯಿಸುತ್ತ, ಮಗಳ ಊರಿನ ಕಡೆಗೆ ದಿನಕ್ಕೆ ಇಷ್ಟಿಷ್ಟು ಸರಿದಳು. ರೋಗ ಬಂದಿದ್ದರೆ ಅಷ್ಟರೊಳಗೆ ತನ್ನ ಮೈಯಲ್ಲೇ ಕಾಣಿಸಿಕೊಳ್ಳಬೇಕು, ಕಾಣಿಸಿಕೊಂಡರೆ ಅಲ್ಲಿಂದಲೇ ಹಿಂದಿರುಗಬೇಕು ಎಂಬುದು ಅವಳ ಲೆಕ್ಕ. ದಿನವೂ ರೇಣುಕಾ ಫೋನಿನಲ್ಲಿ ಮೊದಲು ಕೇಳುತ್ತಿದ್ದದ್ದು, "ಅವ್ವಾ, ಕೆಮ್ಮ ಐತೇನ?" ಎಂದೇ. ಇಲ್ಲ ಎಂಬ ಉತ್ತರಕ್ಕಾಗಿ ನಾನೂ ಬಾಗಿಲ ಹಿಂದೆ ನಿಂತು ಕಿವಿಗೊಡುತ್ತಿದ್ದೆ. ಸೂಜಿಯ ಪಾಳಿ ಅವಳ ಕೈಯಲ್ಲಿರಲಿಲ್ಲ. ಕೈಯಲ್ಲಿದ್ದ ದಿನಗಳನ್ನು ಅವಳು ಹೀಗೆ ಕೊಟ್ಟಳು.

ಹದಿನಾರನೆಯ ದಿನ ಬೆಳಿಗ್ಗೆ ನಮ್ಮ ಮನೆಯ ಹಿಂದಿನ ಹೊಲದ ಅಂಚಿನಲ್ಲಿ ಕುರಿಗಳು ಕಂಡವು. ಬೀಗರು ಅವುಗಳನ್ನು ತರುಬಿ ದೂರದಲ್ಲೇ ನಿಂತರು. ನೀಲವ್ವ ಬೋರಿನ ನೀರಿನಲ್ಲಿ ಮೈ ತೊಳೆದು, ಗಂಟಿನಲ್ಲಿದ್ದ ಮಡಿ ಸೀರೆ ಉಟ್ಟಳು. ಬಿಸಿಲಿಗೆ ಕರಗಿ ಅರ್ಧವಾಗಿದ್ದಳು. ಮೂರು ಕಲ್ಲು ಹೂಡಿ ಅಲ್ಲೇ ಸಜ್ಜೆರೊಟ್ಟಿ ತಟ್ಟಿದಳು, ದಾರಿಯಲ್ಲಿ ಕಿತ್ತು ತಂದ ಪುಂಡಿಸೊಪ್ಪಿನ ಪಲ್ಯ ಮಾಡಿದಳು. ಹಸಿರು ಸೀರೆ ಉಟ್ಟ ರೇಣುಕಾ ಹೊಟ್ಟೆಗೆ ಕೈ ಕೊಟ್ಟುಕೊಂಡು ಮೆಲ್ಲಗೆ ನಡೆದು ಹೋಗಿ ಬೇವಿನ ನೆರಳಿನ ಮಣೆಯ ಮೇಲೆ ಕುಳಿತಳು. ಊರಲ್ಲಿ ತಿರುಗುವ ನನ್ನಿಂದ ತಾಯಿ ಮಗಳಿಗೆ ಹತ್ತದಿರಲಿ ಎಂದು ನಾನು ಮುಖಗವಸು ಕಟ್ಟಿಕೊಂಡು ಇಪ್ಪತ್ತು ಹೆಜ್ಜೆ ದೂರದಲ್ಲಿ ನಿಂತೆ. ನನ್ನ ಮನೆಯ ಕುಬಸ, ನನ್ನ ಹೊಲ, ನಾನು ಹೊರಗಿನವಳು. ಸಂಕಟ ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ.

ನೀಲವ್ವ ರೊಟ್ಟಿ ಮುರಿದು ಪಲ್ಯ ಹಚ್ಚಿ ಮೊದಲ ತುತ್ತು ಮಗಳ ಬಾಯಿಗೆ ಇಟ್ಟಳು. ತಾಯಿ ಮಗಳು ಇಬ್ಬರೂ ಅಳುತ್ತಿದ್ದರು, ಇಬ್ಬರೂ ನಗುತ್ತಿದ್ದರು. ಒಂದು ತುತ್ತಿಗೆ ಮುಗಿಯುತ್ತದೆ ಎಂದುಕೊಂಡೆ. ಅವಳು ಮತ್ತೊಂದು ತುತ್ತು ಕಟ್ಟಿದಳು. "ಇದು ನಿಮ್ಮ ಆಯಿದು," ಎಂದಳು, ಊರಲ್ಲೇ ಉಳಿದ ಅಜ್ಜಿಯ ಹೆಸರಲ್ಲಿ. ಮೂರನೆಯದು ಗಂಗವ್ವಂದು, ನಾಲ್ಕನೆಯದು ಊರ ಮುತ್ತೈದೆಯರದು. ಬರಲಾರದವರ ತುತ್ತುಗಳನ್ನೆಲ್ಲ ತಾನೇ ಹಾಕುತ್ತಿದ್ದಳು. ಐದನೆಯ ತುತ್ತನ್ನು ಕೈಯಲ್ಲಿ ಹಿಡಿದು ನನ್ನ ಕಡೆ ತಿರುಗಿದಳು.

"ಅಕ್ಕೋರ, ಇದು ನಿಮ್ಮ ತುತ್ತರಿ. ಹಾಕಲೇನ್ರಿ?"

ಹೂಂ ಎನ್ನಲು ಕೈ ಎತ್ತಿದೆ. ರೇಣುಕಾ ನನ್ನನ್ನೇ ನೋಡುತ್ತ ಬಾಯಿ ತೆರೆದಳು; ಕೂಸಿಗೆ ಉಣಿಸುವಾಗ ತಾಯಂದಿರಿಗೆ ಆಗುತ್ತದಲ್ಲ, ಹಾಗೆ, ಮುಖಗವಸಿನ ಹಿಂದೆ ನನ್ನ ಬಾಯಿಯೂ ತೆರೆದಿತ್ತು.