ಒಂದು ಕಿವಿ ಸಾಲದು

ಅಕ್ಕಲಕೋಟೆಯ ಸಾಲೆಯಲ್ಲಿ ನಾನು ಭೌತಶಾಸ್ತ್ರ ಕಲಿಸುತ್ತಿದ್ದೆ, ನನ್ನ ಸಹೋದ್ಯೋಗಿಯೊಬ್ಬರು ಜೀವಶಾಸ್ತ್ರ. ಅವರು ತಡವಳದ ಕುರಿಗಾರರ ಮನೆಯವರು. ಯಾರು ಮಾತಾಡಿದರೂ ಕಿವಿಯ ಹಿಂದೆ ಅಂಗೈ ಇಟ್ಟು, ತಲೆ ವಾರೆ ಮಾಡಿ ಕೇಳುತ್ತಿದ್ದರು. ಯಾರ ಮೇಲಾದರೂ ದೂರು ಬಂದರೆ, "ಒಂದ ಕಿವಿ ಸಾಲಂಗಿಲ್ರಿ, ಉಳಿದೋರನ್ನೂ ಕೇಳೂಣು" ಎನ್ನುತ್ತಿದ್ದರು. ನನಗೆ ಅದೆಲ್ಲ ನಾಟಕವೆನಿಸುತ್ತಿತ್ತು.

ಕಪ್ಪುಕುಳಿಯ ಚಿತ್ರ ಪೇಪರಿನಲ್ಲಿ ಬಂದಾಗ ನಾನು ಸೊಲ್ಲಾಪುರಕ್ಕೆ ಹೋಗಿ ದೊಡ್ಡ ಕಲರ್ ಪ್ರಿಂಟ್ ಹಾಕಿಸಿಕೊಂಡು ಬಂದೆ. ದೂರದೂರದ ದೇಶಗಳ ರೇಡಿಯೋ ದೂರದರ್ಶಕಗಳು ಒಂದೇ ಹೊತ್ತಿಗೆ ಆಲಿಸಿ, ಆಲಿಸಿದ್ದನ್ನೆಲ್ಲ ಕೂಡಿಸಿ ಮಾಡಿದ ಚಿತ್ರವೆಂದು ಇಡೀ ತಾಸು ವಿವರಿಸಿದೆ. ಮಕ್ಕಳು ಆಕಳಿಸಿದರು. ಮರುದಿನ ಅದನ್ನೇ ಆ ಜೀವಶಾಸ್ತ್ರದವರಿಗೆ ಕೇಳಿದರಂತೆ.

ಅವರು ಮಕ್ಕಳನ್ನು ಮೈದಾನದ ಮೂಲೆಮೂಲೆಗೆ ಕಣ್ಣು ಮುಚ್ಚಿಸಿ ನಿಲ್ಲಿಸಿ, ತಾವು ನಡುವೆ ಒಣ ಜೋಳದ ದಂಟು ಎಳೆಯುತ್ತ ಅಡ್ಡಾಡಿದರು.

"ರಾತ್ರಿ ಕುರಿ ಹಟ್ಟಿಗಿ ತ್ವಾಳ ಬಂದ್ರ ಕಣ್ಣಿಗಿ ಕಾಣಂಗಿಲ್ಲ. ಸುತ್ತ ಕುಂತೋರೆಲ್ಲಾ ಸಪ್ಪಳ ಬಂದ ಕಡೆ ಬಟ್ಟ ಮಾಡ್ತಾರ. ನೀವೂ ಮಾಡ್ರಿ."

ಮಕ್ಕಳು ಚಾಚಿದ ಬೆರಳುಗಳೆಲ್ಲ ಕೂಡುವ ಕಡೆ ಅವರು ನಿಂತಿದ್ದರು. "ಆಕಾಶದಾಗಿನ ತ್ವಾಳಾನೂ ಹಿಂಗ ಹಿಡದಾರ" ಎಂದರು. ಮಕ್ಕಳು ಕುಣಿದಾಡಿದರು. ಕಿಟಕಿಯಲ್ಲಿ ನಿಂತಿದ್ದ ನನ್ನ ಹೊಟ್ಟೆ ಉರಿಯಿತು. ನನ್ನ ಪಾಠಕ್ಕೆ ಇವರ ಕುರಿ ಯಾಕೆ ನುಗ್ಗಬೇಕು?

ಅಂದು ರಾತ್ರಿ ಮನೆಯಲ್ಲಿ ಊಟದ ಹೊತ್ತಿಗೆ, ಅದೇ ಕ್ಲಾಸಿನ ನನ್ನ ಮಗಳು ಅವಳವ್ವನಿಗೆ ಕಪ್ಪುಕುಳಿ ತಿಳಿಸಿ ಹೇಳುತ್ತಿದ್ದಳು.

"ನಾನೂ ಅದನ್ನ ಕಲಿಸೇನಲ್ಲ" ಎಂದೆ.

ಮಗಳು ಕಿವಿಯ ಹಿಂದೆ ಅಂಗೈ ಇಟ್ಟು, ತಲೆ ವಾರೆ ಮಾಡಿ ಕೇಳಿದಳು.

"ಹೌದ ಪಪ್ಪಾ, ನೀವು ಫೋಟೋ ತೋರ್ಸಿದ್ರಿ."